ತಾಲ್ಲೂಕಿನ ಎಲ್ಲೆಯೂ ಶಾಸನದ ನಾಡೂ: ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೆಯ ಸಂಪುಟ

ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳನ್ನೊಳಗೊಂಡು 1904ರಲ್ಲಿ ಪ್ರಕಟವಾಯಿತು. ಊರೂರುಗಳ ಕಲ್ಲುಗಳ ಮೇಲೆ ಚದುರಿದ್ದ ಬರಹಗಳನ್ನು ಒಂದೆಡೆ ಕೂಡಿಸಿ, ಮೂಲಪಾಠವನ್ನೂ ಇಂಗ್ಲಿಷ್ ಅನುವಾದವನ್ನೂ ಒದಗಿಸಿದ ಈ ಗ್ರಂಥದ ಉಪಕಾರವು ನಿರ್ವಿವಾದವಾದುದು. ಇಲ್ಲಿ ವಿಚಾರಿಸತಕ್ಕುದು ಅದರ ವಿಂಗಡಣೆಯ ಕ್ರಮವನ್ನು ಮಾತ್ರ.

ಗ್ರಂಥಕರ್ತರು ಶಾಸನಗಳನ್ನು ತಾಲ್ಲೂಕುಗಳ ಪ್ರಕಾರ ಜೋಡಿಸಿ, ಒಂದೊಂದು ತಾಲ್ಲೂಕಿಗೂ ಬೇರೆಬೇರೆಯಾಗಿ ಅಂಕೆಗಳನ್ನು ಕೊಟ್ಟಿರುವರು. ಸ್ಥಳಕ್ಕೆ ಹೋಗಿ ಕಲ್ಲನ್ನು ನೋಡಬಯಸುವವನಿಗೆ ಇದು ಅನುಕೂಲವೇ ಸರಿ. ಆದರೆ ತಾಲ್ಲೂಕೆಂಬುದು ಕಂದಾಯದ ಸೌಕರ್ಯಕ್ಕಾಗಿ ಏರ್ಪಟ್ಟ ವಿಭಾಗವೇ ಹೊರತು ಶಾಸನಕಾಲದ ನಾಡಲ್ಲ. ಅದರ ರೂಪವೂ ಸ್ಥಿರವಲ್ಲ. ತಿಪಟೂರು ತಾಲ್ಲೂಕಿಗೆ ಹಿಂದೆ ಹೊನ್ನವಳ್ಳಿಯ ಹೆಸರಿದ್ದಿತು. ಸಂಪುಟವು ಹೊರಬಂದ ಕಾಲದಲ್ಲಿ ತುರುವೇಕೆರೆಯು ತಿಪಟೂರಿಗೆ ಸೇರಿದ ಉಪತಾಲ್ಲೂಕಾಗಿದ್ದು, ಅನಂತರ ಪ್ರತ್ಯೇಕ ತಾಲ್ಲೂಕಾಯಿತು. ಆದುದರಿಂದ ತುರುವೇಕೆರೆಯ ಶಾಸನವನ್ನು ಅರಸುವವನು ಈಗಲೂ ತಿಪಟೂರಿನ ಭಾಗವನ್ನೇ ತೆರೆಯಬೇಕಾಗುತ್ತದೆ.

ಇದು ಸಣ್ಣ ತೊಡಕು. ದೊಡ್ಡದು ಚರಿತ್ರೆಗೆ ಸಂಬಂಧಿಸಿದುದು. ಹೊಯ್ಸಳ ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ ಶೆಟ್ಟಿಕೆರೆಯ ಯೋಗಮಾಧವ ದೇವಾಲಯವು 1261ರಲ್ಲಿಯೂ, ತುರುವೇಕೆರೆಯ ಚೆನ್ನಕೇಶವ ದೇವಾಲಯವು 1263ರ ಸುಮಾರಿನಲ್ಲಿಯೂ, ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯವು 1286ರಲ್ಲಿಯೂ ನಿರ್ಮಿತವಾದುವು. ಮೂರನ್ನೂ ಕಟ್ಟಿಸಿದವರು ಆ ಅರಸನ ದಂಡನಾಯಕರು. ಇಪ್ಪತ್ತೈದು ವರ್ಷಗಳ ಈ ಧರ್ಮಕಾರ್ಯವು ಇಂದು ಚಿಕ್ಕನಾಯಕನಹಳ್ಳಿ, ತುರುವೇಕೆರೆ, ತಿಪಟೂರು ಎಂದು ಮೂರು ತಾಲ್ಲೂಕುಗಳಿಗೆ ಹಂಚಿಹೋಗಿದೆ. ಒಂದೇ ತಾಲ್ಲೂಕಿನ ಪುಟಗಳನ್ನು ಓದಿ ತನ್ನೂರಿನ ಚರಿತ್ರೆಯನ್ನು ಬರೆಯಹೊರಟವನಿಗೆ ಇವುಗಳ ಪರಸ್ಪರ ಸಂಬಂಧವು ಕಾಣದೆ ಹೋಗುವುದು. ಪಾಳೆಯಗಾರರ ಕಾಲಕ್ಕೂ ಇದೇ ಮಾತು ಸಲ್ಲುತ್ತದೆ. ಚಿಕ್ಕನಾಯಕನಹಳ್ಳಿಗೆ ಹೆಸರನ್ನಿತ್ತ ಚಿಕ್ಕನಾಯಕನು ಹಾಗಲವಾಡಿಯ ಮನೆತನದವನು. ಹಾಗಲವಾಡಿಯಾದರೋ ಗುಬ್ಬಿ ತಾಲ್ಲೂಕಿನಲ್ಲಿದೆ. ಈ ಸೀಮೆಯ ಜೀವನವೂ ಕಂದಾಯದ ಗೆರೆಗೆ ಕಟ್ಟುಬಿದ್ದುದಲ್ಲ. ಮೂರು ತಾಲ್ಲೂಕುಗಳ ತೆಂಗಿನ ತೋಟಗಳ ಕೊಬ್ಬರಿಯು ತಿಪಟೂರಿನ ಮಾರುಕಟ್ಟೆಯಲ್ಲಿಯೇ ಕೂಡುವುದು.

ಹಾಗೆಂದು ರೈಸ್ ಅವರ ಅಂಕೆಗಳನ್ನು ಬದಲಿಸುವುದು ಉಚಿತವಲ್ಲ. ಒಂದು ಶತಮಾನಕ್ಕೂ ಮೀರಿ ವಿದ್ವಾಂಸರು ಅವುಗಳನ್ನೇ ಆಧಾರವಾಗಿ ಉಲ್ಲೇಖಿಸುತ್ತ ಬಂದಿರುವರು. ಅವು ಕೆಟ್ಟರೆ ಹಿಂದಿನ ಬರಹಗಳ ದಾರಿಯೇ ತಪ್ಪುವುದು. ಬೇಕಾದುದು ಒಂದು ಅನುಕ್ರಮಣಿಕೆ. ಅದರಲ್ಲಿ ಪ್ರತಿಯೊಂದು ಶಾಸನಕ್ಕೂ ಊರು, ಕಾಲ, ಶಾಸನದಲ್ಲಿಯೇ ಹೇಳಿರುವ ನಾಡು, 1904ರ ತಾಲ್ಲೂಕು, ಇಂದಿನ ತಾಲ್ಲೂಕು ಇವಿಷ್ಟನ್ನು ಒಂದೇ ಸಾಲಿನಲ್ಲಿ ಕೊಡಬೇಕು. ಆಗ ತಾಲ್ಲೂಕು ಕಲ್ಲಿನ ವಿಳಾಸವಾಗಿ ಉಳಿಯುವುದು. ಚರಿತ್ರೆಯ ಎಲ್ಲೆಯೆಂಬ ಭ್ರಾಂತಿಯು ಹುಟ್ಟಲಾರದು.