ಹಿಮ್ಮಡಿಯ ಚೀಟಿ ಮತ್ತು ಮಾತ್ರೆಯ ನಿರ್ಧಾರ

ಹಲಸೂರು ಕೆರೆಯ ಸುತ್ತಮುತ್ತ, ಇಂದಿರಾನಗರದ ಉದ್ಯಾನಗಳ ಬಳಿ, ವಸತಿ ಸಮುಚ್ಚಯಗಳ ಸಭಾಂಗಣಗಳಲ್ಲಿ 'ಉಚಿತ ಮೂಳೆ ಸಾಂದ್ರತೆ ತಪಾಸಣೆ' ಎಂಬ ಬ್ಯಾನರ್ ಕಾಣುವುದು ಅಪರೂಪವೇನಲ್ಲ. ಕುರ್ಚಿಯಲ್ಲಿ ಕುಳಿತು, ಹಿಮ್ಮಡಿಗೆ ಜೆಲ್ ಸವರಿಸಿಕೊಂಡು, ಪುಟ್ಟ ಪೆಟ್ಟಿಗೆಯಂಥ ಯಂತ್ರದಲ್ಲಿ ಪಾದ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಒಂದು ಚೀಟಿ ಕೈಗೆ ಬರುತ್ತದೆ. ಅದರಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿಗಳು, ಅವುಗಳ ಮೇಲೊಂದು ಚುಕ್ಕೆ, ಪಕ್ಕದಲ್ಲಿ ಒಂದು ಸಂಖ್ಯೆ. ನನ್ನ ಸಹೋದ್ಯೋಗಿ, 54 ವರ್ಷದ ಗಣಿತ ಶಿಕ್ಷಕಿ, ಅಂಥ ಚೀಟಿಯೊಂದನ್ನು ತಂದು ಮೇಜಿನ ಮೇಲಿಟ್ಟರು. 'ಟಿ-ಸ್ಕೋರ್ −2.6' ಎಂದಿತ್ತು. ಚುಕ್ಕೆ ಕೆಂಪು ಪಟ್ಟಿಯಲ್ಲಿತ್ತು. ಜೊತೆಗೆ ಕೊಟ್ಟಿದ್ದ ಕರಪತ್ರದಲ್ಲಿ 'ಮೂಳೆ ಮುರಿತದ ಅಪಾಯ ಅರ್ಧಕ್ಕೆ ಇಳಿಯುತ್ತದೆ' ಎಂಬ ಭರವಸೆ. "ಮಾತ್ರೆ ಶುರು ಮಾಡಿಬಿಡಲೇ?" ಎಂದು ಕೇಳಿದರು.

ಪುಸ್ತಕವನ್ನು ವಿಮರ್ಶಿಸುವ ಹಾಗೆ ಈ ಚೀಟಿಯನ್ನೂ ಒಮ್ಮೆ ವಿಮರ್ಶಿಸಬಹುದು. ಅದು ಏನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ?

ಟಿ-ಸ್ಕೋರ್ ಎಂಬುದು ಸರಳ ಲೆಕ್ಕ. ವ್ಯಕ್ತಿಯ ಮೂಳೆ ಸಾಂದ್ರತೆಯಿಂದ ಆರೋಗ್ಯವಂತ ಯುವತಿಯರ ಸರಾಸರಿ ಸಾಂದ್ರತೆಯನ್ನು ಕಳೆದು, ಯುವತಿಯರ ಗುಂಪಿನ ಮಾನಕ ವಿಚಲನೆಯಿಂದ ಭಾಗಿಸಿದರೆ ಬರುವ ಸಂಖ್ಯೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ −2.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ, ಎಂದು ಗೆರೆ ಎಳೆಯಿತು. −1 ಮತ್ತು −2.5ರ ನಡುವೆ ಇದ್ದರೆ 'ಕಡಿಮೆ ಸಾಂದ್ರತೆ'. ಗಂಟೆಯಾಕಾರದ ವಕ್ರರೇಖೆಯನ್ನು ಓದಿದ ವಿದ್ಯಾರ್ಥಿಗಳು ಇಲ್ಲೊಂದು ತಮಾಷೆಯನ್ನು ಗಮನಿಸಬಹುದು. ಈ ವ್ಯಾಖ್ಯೆಯ ಪ್ರಕಾರ ಪೂರ್ಣ ಆರೋಗ್ಯವಂತ ಯುವತಿಯರಲ್ಲೂ ಸುಮಾರು ಶೇ. 16ರಷ್ಟು ಮಂದಿ −1ಕ್ಕಿಂತ ಕೆಳಗೆ ಇರಲೇಬೇಕು! ಅದು ರೋಗವಲ್ಲ, ಗಣಿತ.

ಈ ಗೆರೆ ಎಳೆದದ್ದು ಕ್ಷ-ಕಿರಣ ಬಳಸುವ 'ಡೆಕ್ಸಾ' ಯಂತ್ರದಿಂದ ಸೊಂಟ, ಬೆನ್ನುಮೂಳೆ ಅಥವಾ ಮುಂಗೈಯನ್ನು ಅಳೆದಾಗ ಬರುವ ಅಂಕಕ್ಕೆ. ಶಿಬಿರದ ಯಂತ್ರ ಶ್ರವಣಾತೀತ ಧ್ವನಿಯನ್ನು ಹಿಮ್ಮಡಿಯ ಮೂಲಕ ಹಾಯಿಸಿ, ಅದರ ವೇಗವನ್ನೂ ಅದು ಕುಗ್ಗುವ ಪ್ರಮಾಣವನ್ನೂ ಅಳೆಯುತ್ತದೆ. ಆ ಅಳತೆ ನಿರರ್ಥಕವಲ್ಲ. ಆದರೆ ಅದಕ್ಕೆ −2.5ರ ಗೆರೆ ಅನ್ವಯಿಸುವುದಿಲ್ಲ. ಲೀಟರಿನಲ್ಲಿ ಅಳೆದದ್ದನ್ನು ಕಿಲೋಗ್ರಾಮಿನ ಪಟ್ಟಿಯಲ್ಲಿ ಓದಿದಂತೆ ಆಗುತ್ತದೆ. ಇನ್ನೊಂದು ತೊಡಕು: ಹೋಲಿಕೆಗೆ ಬಳಸುವ 'ಯುವತಿಯರು' ಯಾರು? ಸೊಂಟದ ಡೆಕ್ಸಾ ಅಂಕಕ್ಕೆ ಸಾಮಾನ್ಯವಾಗಿ ಅಮೆರಿಕದ ಬಿಳಿಯ ಯುವತಿಯರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ ನಮ್ಮವರದೇ ಮಾನಕಗಳನ್ನು ಪ್ರಕಟಿಸಿತು. ಯಾವ ಮಾನಕದೊಡನೆ ಹೋಲಿಸಲಾಗಿದೆ ಎಂಬುದರ ಮೇಲೆ ಅದೇ ಮಹಿಳೆ ರೋಗಿಯೂ ಆಗಬಹುದು, ಆಗದಿರಲೂಬಹುದು. ನಮ್ಮ ಚೀಟಿಯಲ್ಲಿ ಇದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಲೋಪ ವಯಸ್ಸಿನದು. ಚೀಟಿಯ ಮೂಲೆಯಲ್ಲಿ 54 ಎಂದು ಅಚ್ಚಾಗಿತ್ತು, ನಿಜ. ಆದರೆ ಕೆಂಪು ಪಟ್ಟಿಗೆ ವಯಸ್ಸು ಗೊತ್ತಿಲ್ಲ. ಟಿ-ಸ್ಕೋರ್ ಒಂದೇ ಆಗಿದ್ದರೂ 54ರ ಮಹಿಳೆಗಿಂತ 74ರ ಮಹಿಳೆಗೆ ಮುಂದಿನ ಹತ್ತು ವರ್ಷಗಳಲ್ಲಿ ಸೊಂಟದ ಮೂಳೆ ಮುರಿಯುವ ಸಂಭವ ಹಲವು ಪಟ್ಟು ಹೆಚ್ಚು.

ಇನ್ನು ಕರಪತ್ರದ 'ಅರ್ಧ'. ಅದು ಸುಳ್ಳಲ್ಲ. ಅಲೆಂಡ್ರೊನೇಟ್ ಎಂಬ ಮಾತ್ರೆಯ ಅಣು ಮೂಳೆಯ ಖನಿಜಕ್ಕೆ ಅಂಟಿಕೊಂಡು, ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳೊಳಗೆ ಸೇರಿ ಅವುಗಳ ಕೆಲಸಕ್ಕೆ ತಡೆ ಒಡ್ಡುತ್ತದೆ. 1996ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಆಗಲೇ ಬೆನ್ನುಮೂಳೆ ಕುಸಿದಿದ್ದ 2027 ಮಹಿಳೆಯರನ್ನು ಎರಡು ಗುಂಪು ಮಾಡಿ ಸುಮಾರು ಮೂರು ವರ್ಷ ಗಮನಿಸಿದರು. ಬೆನ್ನುಮೂಳೆಯ ಹೊಸ ಕುಸಿತ ಕಂಡದ್ದು ಹುಸಿಮಾತ್ರೆಯವರಲ್ಲಿ ಶೇ. 15, ನಿಜಮಾತ್ರೆಯವರಲ್ಲಿ ಶೇ. 8. ಸೊಂಟದ ಮುರಿತ ಶೇ. 2.2ರಿಂದ ಶೇ. 1.1ಕ್ಕೆ ಇಳಿಯಿತು. ಎರಡೂ ಕಡೆ ಇಳಿಕೆ ಸುಮಾರು ಅರ್ಧದಷ್ಟೇ. ಆದರೆ ಒಂದು ಬೆನ್ನುಮೂಳೆ ಕುಸಿತ ತಪ್ಪಿಸಲು 14 ಮಂದಿ ಮೂರು ವರ್ಷ ಮಾತ್ರೆ ನುಂಗಿದರೆ ಸಾಕು. ಒಂದು ಸೊಂಟದ ಮುರಿತ ತಪ್ಪಿಸಲು 91 ಮಂದಿ ಬೇಕು. ನನ್ನ ಸಹೋದ್ಯೋಗಿ ಈ ಭಾಗಾಕಾರವನ್ನು ನನಗಿಂತ ಬೇಗ ಮಾಡಿ ಮುಗಿಸಿ, "ಹಾಗಾದರೆ ಏನೂ ಮುರಿಯದ ನನ್ನಂಥವರಲ್ಲಿ?" ಎಂದರು.

ಅದಕ್ಕೂ ಉತ್ತರವಿದೆ. ಅದೇ ಪ್ರಯೋಗದ ಎರಡನೆಯ ಭಾಗ 1998ರಲ್ಲಿ ಬಂತು. ಬೆನ್ನುಮೂಳೆ ಕುಸಿಯದ, ಆದರೆ ಸಾಂದ್ರತೆ ಕಡಿಮೆ ಇದ್ದ 4432 ಮಹಿಳೆಯರು, ನಾಲ್ಕು ವರ್ಷಕ್ಕೂ ಮಿಕ್ಕ ಅವಧಿ. ತೊಡೆಮೂಳೆಯ ಕತ್ತಿನಲ್ಲಿ ಡೆಕ್ಸಾ ಅಂಕ −2.5 ಅಥವಾ ಅದಕ್ಕಿಂತ ಕೆಳಗಿದ್ದವರಲ್ಲಿ, ನೋವು ಕೊಟ್ಟು ವೈದ್ಯರ ಬಳಿಗೆ ಕರೆದೊಯ್ಯುವ ಮುರಿತಗಳು ಶೇ. 36ರಷ್ಟು ಕಡಿಮೆಯಾದವು. ಅದಕ್ಕಿಂತ ಮೇಲಿದ್ದವರಲ್ಲಿ ಅಂಥ ಮುರಿತಗಳು ಗಮನಾರ್ಹವಾಗಿ ಇಳಿಯಲಿಲ್ಲ.

ಮಾತ್ರೆಯ ವಿರುದ್ಧದ ಮಾತುಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. 'ಮೂಳೆಯ ಮಾತ್ರೆಯಿಂದಲೇ ತೊಡೆಮೂಳೆ ಮುರಿಯುತ್ತದಂತೆ, ದವಡೆ ಕೊಳೆಯುತ್ತದಂತೆ' ಎಂಬ ಭಯ ವಾಕಿಂಗ್ ಗೆಳೆಯರ ನಡುವೆ ಬಲು ಬೇಗ ಹರಡುತ್ತದೆ. ಎರಡೂ ನಿಜ, ಎರಡೂ ಅಪರೂಪ. ಕ್ಯಾಲಿಫೋರ್ನಿಯಾದ ಸುಮಾರು 1.96 ಲಕ್ಷ ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ 2020ರ ಅಧ್ಯಯನದ ಅಂದಾಜಿನಂತೆ, 10,000 ಬಿಳಿಯ ಮಹಿಳೆಯರು ಮೂರು ವರ್ಷ ಈ ವರ್ಗದ ಔಷಧಿ ತೆಗೆದುಕೊಂಡರೆ 149 ಸೊಂಟದ ಮುರಿತ ತಪ್ಪಿ, ತೊಡೆಮೂಳೆಯ ವಿಲಕ್ಷಣ ಮುರಿತ 2 ಸಂಭವಿಸುತ್ತದೆ. ಏಷ್ಯಾ ಮೂಲದವರಲ್ಲಿ ತಪ್ಪುವುದು 91, ಸಂಭವಿಸುವುದು 8. ಲಾಭದ ತಟ್ಟೆಯೇ ಕೆಳಗಿಳಿಯುತ್ತದೆ, ಆದರೆ ನಮ್ಮ ಕಡೆಯವರಲ್ಲಿ ಅಂತರ ಕಿರಿದು. ('ಏಷ್ಯಾ ಮೂಲ' ಎಂಬ ಒಂದೇ ಚೀಲದಲ್ಲಿ ಎಷ್ಟು ಬಗೆಯ ಜನರನ್ನು ತುಂಬಿರುತ್ತಾರೆ ಎಂಬುದು ಬೇರೆ ತಕರಾರು.) ಅಪಾಯ ಕಡಿಮೆ ಇರುವವರಿಗೆ ಮಾತ್ರೆ ಕೊಟ್ಟರೆ ತಪ್ಪುವ ಮುರಿತಗಳ ಸಂಖ್ಯೆ ಕುಗ್ಗುತ್ತದೆ, ಪಾರ್ಶ್ವಪರಿಣಾಮ ಕುಗ್ಗುವುದಿಲ್ಲ.

ಹಾಗಾದರೆ ಒಬ್ಬರ ಅಪಾಯ ಎಷ್ಟೆಂದು ತಿಳಿಯುವುದು ಹೇಗೆ? 2008ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದಿಂದ ಬಂದ 'ಫ್ರಾಕ್ಸ್' ಎಂಬ ಗಣಕ ಇದಕ್ಕೆಂದೇ ಇದೆ. ವಯಸ್ಸು, ತೂಕ, ಹಿಂದಿನ ಮುರಿತ, ತಂದೆ ಅಥವಾ ತಾಯಿಗೆ ಸೊಂಟ ಮುರಿದಿತ್ತೇ, ಧೂಮಪಾನ, ಸ್ಟೀರಾಯ್ಡ್ ಸೇವನೆ, ಸಂಧಿವಾತ ಮುಂತಾದವನ್ನು ಕೇಳಿ ಹತ್ತು ವರ್ಷಗಳ ಸಂಭವನೀಯತೆಯನ್ನು ಕೊಡುತ್ತದೆ. ಕೇಳಬೇಕಾದ ಪ್ರಶ್ನೆಯನ್ನೇ ಕೇಳುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಅದರ ಭಾರತೀಯ ಮಾದರಿಯನ್ನು ಕಟ್ಟಿದ್ದು ಸಿಂಗಪುರದಲ್ಲಿ ನೆಲೆಸಿದ ಭಾರತೀಯರ ಮುರಿತದ ಅಂಕಿಗಳಿಂದ. ಮೂಲ ಫ್ರಾಕ್ಸ್ ಬೀಳುವಿಕೆಯ ಬಗ್ಗೆಯೂ ಕೇಳುವುದಿಲ್ಲ. ಹಳೇ ಮದ್ರಾಸ್ ರಸ್ತೆಯ ಪಕ್ಕದಲ್ಲಿ ಎದ್ದ ಕಲ್ಲುಚಪ್ಪಡಿಗಳ ಮೇಲೆ ದಿನವೂ ನಡೆಯುವವರಿಗೆ ಇದು ಸಣ್ಣ ವಿಷಯವಲ್ಲ.

ಫ್ರಾಕ್ಸ್‌ನ 'ಹಿಂದಿನ ಮುರಿತ' ಎಂಬ ಪ್ರಶ್ನೆಗೆ ಬಂದಾಗ ಸಹೋದ್ಯೋಗಿ ಸುಮ್ಮನಾದರು. ನಂತರ, "ನನಗಿಲ್ಲ. ನಮ್ಮತ್ತೆಗೆ ಇದೆ" ಎಂದರು. ಅತ್ತೆಗೆ 72. ಕೆ.ಆರ್.ಪುರದ ಹಳೆಯ ಮನೆಯಲ್ಲಿದ್ದಾರೆ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟರ್ ಹಾಕಿದರು, ಆರು ವಾರಕ್ಕೆ ಬಿಚ್ಚಿದರು, ಅಲ್ಲಿಗೆ ಮುಗಿಯಿತು. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಮುಂದಿನ ಮುರಿತದ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದು ಯಾರೂ ಹೇಳಲಿಲ್ಲ. ಈಗೀಗ ಬೆನ್ನು ಬಾಗಿದೆ. ಗೋಡೆಯ ಕ್ಯಾಲೆಂಡರಿನ ಹಾಳೆ ತಿರುಗಿಸಲು ಮೊಮ್ಮಗನನ್ನು ಕರೆಯುತ್ತಾರೆ. ಉದ್ಯಾನದ ಶಿಬಿರಕ್ಕೆ ಅವರು ಬಂದಿರಲಿಲ್ಲ. ಬರುವುದು ಹೇಗೆ?

ಶಿಬಿರಗಳ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ. ನಡೆದು ಬರಬಲ್ಲ, ಏನೂ ಮುರಿಯದ ಐವತ್ತರ ಆಸುಪಾಸಿನವರ ಹಿಮ್ಮಡಿ ಅಳೆದು ಹೆದರಿಸುತ್ತೇವೆ. ಮುರಿದ ಮೂಳೆಯನ್ನೇ ಸಾಕ್ಷಿಯಾಗಿ ಹಿಡಿದು ಪ್ಲಾಸ್ಟರ್ ಕೋಣೆಗೆ ಬಂದವರನ್ನು ಹಾಗೆಯೇ ಮನೆಗೆ ಕಳಿಸುತ್ತೇವೆ. ಶಿಬಿರಕ್ಕೆ ಹಾಕುವ ಖರ್ಚಿನಲ್ಲಿ ಪ್ಲಾಸ್ಟರ್ ಕೋಣೆಯ ಬಾಗಿಲಲ್ಲಿ ಒಬ್ಬ ದಾದಿಯನ್ನು ಕೂರಿಸಿ, ಐವತ್ತು ದಾಟಿದ ಪ್ರತಿಯೊಬ್ಬರನ್ನೂ ವಿಚಾರಿಸಿದರೆ ಹೆಚ್ಚು ಉಪಯೋಗವಾದೀತು.

ಸಹೋದ್ಯೋಗಿ ಸೊಂಟ ಮತ್ತು ಬೆನ್ನಿನ ಡೆಕ್ಸಾ ಮಾಡಿಸಿಕೊಂಡರು. ಕಡಿಮೆ ಇದ್ದದ್ದು ಸೊಂಟದ ಅಂಕ, −1.9. ಅವರ ವೈದ್ಯರು ಮಾತ್ರೆ ಬೇಡವೆಂದರು. ಅತ್ತೆಯ ಬೆನ್ನಿನ ಕ್ಷ-ಕಿರಣ ಚಿತ್ರದಲ್ಲಿ ಒಂದು ಕಶೇರು ಬೆಣೆಯಂತೆ ಕುಸಿದಿತ್ತು. ಅಂಥವರಿಗೆ ಟಿ-ಸ್ಕೋರಿಗಾಗಿ ಕಾಯಬೇಕಾಗಿಲ್ಲ. ಮೊದಲು ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ವಿಟಮಿನ್ ಡಿ ಕೊರತೆ ಸರಿಪಡಿಸಿ, ಅಲುಗಾಡುತ್ತಿದ್ದ ಹಲ್ಲನ್ನು ಕೀಳಿಸಿದರು. ಐದು ವರ್ಷದ ನಂತರ ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂದು ಮತ್ತೆ ನೋಡೋಣ ಎಂದೂ ವೈದ್ಯರು ಹೇಳಿದ್ದಾರೆ. ವಾರಕ್ಕೊಂದು ಮಾತ್ರೆ, ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರಿಯ ನೀರಿನೊಡನೆ; ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಏನನ್ನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಒಪ್ಪಿದರು. ಕಾಫಿ ಅರ್ಧ ಗಂಟೆ ತಡವಾಗುತ್ತದೆ ಎಂಬುದೊಂದೇ ಅವರ ತಕರಾರು. ಹೇಗೂ ಉಪವಾಸದ ದಿನ ಎಂದು ಶನಿವಾರವನ್ನು ಆರಿಸಿಕೊಂಡಿದ್ದಾರೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯನ್ನೂ ಹಾಕಿಸಿದ್ದಾರೆ.