ಎರಡನೆಯ ಪ್ರತಿಯ ವಿಚಾರ

ತಾಳೆಗರಿಯ ಪಾಠಾಂತರಗಳಲ್ಲಿ ಕಣ್ಣು ಸವೆಯಿಸಿದವನಿಗೆ ಜೀವಶಾಸ್ತ್ರದ ಗ್ರಂಥವನ್ನು ವಿಮರ್ಶಿಸುವ ಅಧಿಕಾರವೆಲ್ಲಿಯದೆಂದು ವಾಚಕ ಮಹಾಶಯರು ಕೇಳಬಹುದು. ಆದರೆ ಸುಸುಮು ಓಹ್ನೊ ಎಂಬ ಜಪಾನೀ ವಿದ್ವಾಂಸರು 1970ರಲ್ಲಿ ಆಂಗ್ಲಭಾಷೆಯಲ್ಲಿ ಪ್ರಕಟಿಸಿದ, ಜೀನುಗಳ ಇಮ್ಮಡಿಯಿಂದ ಜೀವವಿಕಾಸವಾಗುವುದೆಂದು ಸಾಧಿಸುವ ಗ್ರಂಥವು ಪ್ರತಿಗಳ ಚರಿತ್ರೆಯೇ ಸರಿ.

ಅವರ ಪಕ್ಷವಿದು. ಅವಶ್ಯವಾದ ಜೀನು ಒಂದೇ ಇರುವಾಗ ಅದರಲ್ಲಿ ತಪ್ಪು ಬಿದ್ದರೆ ಪ್ರಾಣಿಗೆ ಹಾನಿ. ಆದುದರಿಂದ ಪ್ರಕೃತಿಯ ಆಯ್ಕೆಯು ಅದನ್ನು ಬದಲಾಗಗೊಡದು. ಲಿಪಿಕಾರನು ಕಣ್ಣು ತಪ್ಪಿ ಒಂದು ಪಂಕ್ತಿಯನ್ನು ಎರಡು ಸಲ ಬರೆದಂತೆ ಜೀನಿಗೆ ಎರಡನೆಯ ಪ್ರತಿಯುಂಟಾದರೆ, ಒಂದು ಹಳೆಯ ಕೆಲಸವನ್ನು ನಡೆಸುತ್ತಿರಲು ಮತ್ತೊಂದು ಕಾವಲಿನಿಂದ ಬಿಡುಗಡೆ ಹೊಂದುವುದು. ಅದು ಬಹುಮಟ್ಟಿಗೆ ಕೆಟ್ಟುಹೋಗುವುದು. ಅಪರೂಪವಾಗಿ ಹೊಸ ಕಾರ್ಯವನ್ನು ಪಡೆಯುವುದು.

ಈ ಮಾತಿಗೆ ನಮ್ಮ ಮೂಗೇ ಸಾಕ್ಷಿ. ವಾಸನೆಯನ್ನು ಗ್ರಹಿಸುವ ಜೀನುಗಳಲ್ಲಿ ಕೆಲಸ ಮಾಡುವಂಥವು ಮನುಷ್ಯನಲ್ಲಿ ಸುಮಾರು 400. ಕೆಟ್ಟು ಬಿದ್ದಿರುವವೂ ಹೆಚ್ಚುಕಡಿಮೆ ಅಷ್ಟೇ.

ರಕ್ತದ ಸಾಕ್ಷ್ಯವಾದರೋ ಇಷ್ಟು ಸರಳವಲ್ಲ. ಆಮ್ಲಜನಕವನ್ನು ಹೊರುವ ಹೀಮೋಗ್ಲೋಬಿನ್ನಿನ ಬೀಟಾ ಪರಿವಾರವು 11ನೆಯ ವರ್ಣತಂತುವಿನಲ್ಲಿ ಸಾಲಾಗಿ ನಿಂತಿದೆ: ಮೊದಲು ಎಳೆಯ ಭ್ರೂಣದ ಎಪ್ಸಿಲಾನ್, ಬಳಿಕ ಬೆಳೆದ ಗರ್ಭಸ್ಥ ಶಿಶುವಿನ ಎರಡು ಗಾಮಾಗಳು, ಅವುಗಳ ಆಚೆ ಕೆಟ್ಟ ಪ್ರತಿಯೊಂದು, ಡೆಲ್ಟಾ, ಕಡೆಗೆ ವಯಸ್ಕರ ಬೀಟಾ. ನಿಂತ ಕ್ರಮದಲ್ಲಿಯೇ ಸರದಿಯೂ ಬರುವುದು. ಗಾಮಾಗಳೆರಡರ ಪ್ರೋಟೀನುಗಳಿಗಿರುವ ಭೇದವು ಒಂದೇ ಒಂದು ಅಮೈನೋ ಆಮ್ಲದ್ದು! ಗಾಮಾ ಮಾಡುವುದು ಹೊಸ ಕಾರ್ಯವೇ? ಅಲ್ಲ; ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಲು ಹದವಾದ ಅದೇ ಹಳೆಯ ಕಾರ್ಯ.

ಗ್ರಂಥದ ದೋಷವು ನನಗೆ ಕಾಣುವುದು ಇಲ್ಲಿಯೇ. ಎರಡನೆಯ ಪ್ರತಿಯು ಉಳಿಯುವುದಕ್ಕೆ ಹೊಸ ಕಾರ್ಯದ ಲಾಭವೊಂದನ್ನೇ ಮುಖ್ಯ ದಾರಿಯೆನ್ನುವುದು ಅತಿವ್ಯಾಪ್ತಿ. 1999ರಲ್ಲಿ ಫೋರ್ಸ್, ಲಿಂಚ್ ಮೊದಲಾದವರು ಬೇರೊಂದು ದಾರಿಯನ್ನು ತೋರಿಸಿದರು: ಮೂಲಕ್ಕೆ ಎರಡು ಕೆಲಸಗಳಿದ್ದು, ಪ್ರತಿಗಳು ಒಂದೊಂದನ್ನು ಕಳೆದುಕೊಂಡರೆ, ಆಮೇಲೆ ಎರಡೂ ಬೇಕೇ ಬೇಕು. ಸಂಧ್ಯಾ ಶಬ್ದವು ಹಗಲಿರುಳುಗಳ ಎರಡು ಸಂಧಿಗಳಿಗೂ ಸಲ್ಲುವುದು. ಅದರ ತದ್ಭವವಾದ ಸಂಜೆಯು ಸಾಯಂಕಾಲವನ್ನು ಮಾತ್ರ ಇಟ್ಟುಕೊಂಡಿತು. ತತ್ಸಮವು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಸಂಧ್ಯಾವಂದನೆಗೆ ಉಳಿಯಿತು. ಹೊಸ ಅರ್ಥ ಹುಟ್ಟಲಿಲ್ಲ, ಹಳೆಯದು ಹಂಚಿಹೋಯಿತು. ಶಿಷ್ಯರಿಗೆ ತತ್ಸಮ ತದ್ಭವಗಳನ್ನು ಬಾಯಿಪಾಠ ಮಾಡಿಸಿದ ನನಗೆ ಇದು ಅಂದು ಹೊಳೆಯದೇ ಹೋಯಿತು.

ಕಶೇರುಕಗಳ ಮೂಲದಲ್ಲಿ ಇಡೀ ಜೀನುಸಮೂಹವೇ ಇಮ್ಮಡಿಸಿರಬೇಕೆಂಬ ಓಹ್ನೊ ಅವರ ಊಹೆಗೆ ಮುಂದೆ ಬಲವಾದ ಆಧಾರ ದೊರೆಯಿತು; ಆ ಧೈರ್ಯಕ್ಕೆ ನಮಸ್ಕಾರ. ಆದರೆ ಪ್ರತಿಯನ್ನು ಬಿಡುವಿನದೆಂದು ಕರೆಯುವಾಗ ಎಚ್ಚರಿಕೆ ಬೇಕು. ಕುಡುಗೋಲು ಕಣದ ರಕ್ತಹೀನತೆಯು ಬೀಟಾ ಜೀನಿನ ಒಂದೇ ಅಕ್ಷರದ ತಪ್ಪಿನಿಂದ ಬರುವುದು. ಆ ರೋಗಿಗಳಲ್ಲಿ, ಹುಟ್ಟಿದ ಬಳಿಕ ಮಲಗಿದ್ದ ಗಾಮಾವನ್ನು ಮತ್ತೆ ಎಚ್ಚರಿಸುವ ಜೀನುಚಿಕಿತ್ಸೆಗೆ 2023ರಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ತಮ್ಮ ಕೆಲಸ ಮುಗಿಯಿತೆಂದು ಮಲಗಿದ್ದ ಪ್ರತಿಗಳೇ ಎದ್ದು ಬಂದು ಬೀಟಾದ ಹೊರೆಯನ್ನು ಹೊರುತ್ತಿವೆ.