ಹಸಿ ಹಾಲಿನ ವಾದ: ಎಲ್ಲಿ ಸರಿ, ಎಲ್ಲಿ ತಪ್ಪು?

ಕಾಯಿಸಿದರೆ ಹಾಲಿನ ಸತ್ವ ಹೋಗುತ್ತದೆ, ಕರೆದ ಹಾಲನ್ನು ಹಾಗೆಯೇ ಕುಡಿಯಬೇಕು ಎಂಬ ಮಾತನ್ನು ನೀವು ಕೇಳಿರಬಹುದು. ಅಮೆರಿಕದಲ್ಲಿ ಇದು ಒಂದು ಚಳವಳಿಯಾಗಿಯೇ ಬೆಳೆದಿದೆ. ಆಹಾರದ ಆಯ್ಕೆಯ ಸ್ವಾತಂತ್ರ್ಯ, ಸಣ್ಣ ರೈತನ ಬದುಕು, ಸರಕಾರದ ಮೇಲಿನ ಅಪನಂಬಿಕೆ ಎಲ್ಲವೂ ಅದರಲ್ಲಿ ಬೆರೆತಿವೆ. 2025ರಲ್ಲಿ ಆ ದೇಶದ ಆರೋಗ್ಯ ಇಲಾಖೆಯ ಹೊಣೆ ಹೊತ್ತ ರಾಬರ್ಟ್ ಎಫ್. ಕೆನೆಡಿ ಜೂನಿಯರ್ ಕೂಡ ಹಸಿ ಹಾಲಿನ ಪರ ಮಾತನಾಡಿದವರು. ಆದ್ದರಿಂದ ಈ ವಾದವನ್ನು ನಕ್ಕು ತಳ್ಳಿಹಾಕದೆ ಒಂದೊಂದಾಗಿ ಪರಿಶೀಲಿಸೋಣ.

ಮೊದಲು ಚರಿತ್ರೆ. ಹಾಲಿಗೆ ಕೆಟ್ಟ ಹೆಸರು ತಂದದ್ದು ನಗರದ ಕೊಳಕು ಎಂದು ಚಳವಳಿಗಾರರು ಹೇಳುತ್ತಾರೆ. ಈ ಮಾತಿನಲ್ಲಿ ಹುರುಳಿದೆ. 19ನೆಯ ಶತಮಾನದ ನ್ಯೂಯಾರ್ಕಿನಲ್ಲಿ ಮದ್ಯದ ಭಟ್ಟಿಗಳ ಪಕ್ಕದಲ್ಲೇ ಕೊಟ್ಟಿಗೆಗಳಿದ್ದವು. ಭಟ್ಟಿಯಲ್ಲಿ ಉಳಿದ ಚರಟವೇ ಹಸುಗಳ ಮೇವು. ಗಾಳಿ ಬೆಳಕು ಕಾಣದ ಆ ರೋಗಿಷ್ಠ ಹಸುಗಳ ತೆಳು ಹಾಲಿಗೆ ಸೀಮೆಸುಣ್ಣ ಬೆರೆಸಿ ಮಾರುತ್ತಿದ್ದರು. 1858ರಲ್ಲಿ ಫ್ರಾಂಕ್ ಲೆಸ್ಲಿಯ ಸಚಿತ್ರ ಪತ್ರಿಕೆ ಇದನ್ನು ಬಯಲಿಗೆಳೆಯಿತು.

ಇಂಥ ಹಾಲಿನ ಪಿಡುಗಿಗೆ ಮುಂದೆ ಎರಡು ಪರಿಹಾರಗಳು ಬಂದವು. ಎರಡೂ ಶುರುವಾದದ್ದು 1893ರಲ್ಲಿ. ನ್ಯೂಜೆರ್ಸಿಯ ವೈದ್ಯ ಹೆನ್ರಿ ಕಾಯ್ಟ್ 'ಪ್ರಮಾಣಿತ ಹಾಲಿ'ನ ಯೋಜನೆ ರೂಪಿಸಿದರು. ವೈದ್ಯರ ಸಮಿತಿಯೊಂದು ಹಸು, ಕೊಟ್ಟಿಗೆ, ಕರೆಯುವವರ ಶುಚಿತ್ವ ಎಲ್ಲವನ್ನೂ ತಪಾಸಣೆ ಮಾಡಿ ಒಪ್ಪಿಗೆಯ ಮುದ್ರೆ ಒತ್ತುತ್ತಿತ್ತು. ನ್ಯೂಯಾರ್ಕಿನ ವ್ಯಾಪಾರಿ ನೇಥನ್ ಸ್ಟ್ರಾಸ್, ಪಾಶ್ಚರೀಕರಿಸಿದ ಹಾಲನ್ನು ಬಡ ಮಕ್ಕಳಿಗೆ ಒದಗಿಸುವ ಕೇಂದ್ರ ತೆರೆದರು. ಪ್ರಮಾಣಿತ ಹಾಲು ದುಬಾರಿಯಾಗಿತ್ತು. ಕಾಯಿಸಿದ ಹಾಲು ಬಡವರಿಗೂ ಎಟುಕಿತು. 1908ರಲ್ಲಿ ಶಿಕಾಗೊ ನಗರ, ಕ್ಷಯ ಪರೀಕ್ಷೆಗೆ ಒಳಪಟ್ಟ ಆರೋಗ್ಯವಂತ ಹಸುಗಳ ಹಾಲನ್ನು ಬಿಟ್ಟು ಉಳಿದ ಹಾಲಿಗೆ ಪಾಶ್ಚರೀಕರಣವನ್ನು ಕಡ್ಡಾಯ ಮಾಡಿತು. 1987ರಲ್ಲಿ ಅಮೆರಿಕದ ಕೇಂದ್ರ ಸರಕಾರ ಕುಡಿಯುವ ಹಸಿ ಹಾಲನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರುವುದನ್ನು ನಿಷೇಧಿಸಿತು. ರಾಜ್ಯದೊಳಗಿನ ಮಾರಾಟವನ್ನು ಆಯಾ ರಾಜ್ಯಕ್ಕೆ ಬಿಟ್ಟಿತು.

ಪಾಶ್ಚರೀಕರಣ ಬಂದರೆ ಕೊಳಕು ಕೊಟ್ಟಿಗೆಗೆ ರಹದಾರಿ ಸಿಕ್ಕಂತಾಗುತ್ತದೆ ಎಂಬ ಆಕ್ಷೇಪ ಆಗಲೇ ಇತ್ತು. ಅದು ಇಂದಿಗೂ ಮಾನ್ಯ. ಆದರೆ ಅಲ್ಲಿಂದ 'ಕೊಟ್ಟಿಗೆ ಶುಚಿಯಾಗಿದ್ದರೆ ಕಾಯಿಸುವುದೇ ಬೇಡ' ಎಂಬಲ್ಲಿಗೆ ಜಿಗಿದಾಗ ವಾದ ದಾರಿ ತಪ್ಪುತ್ತದೆ. ಇ. ಕೋಲಿ ಒ157 ಎಂಬ ಬ್ಯಾಕ್ಟೀರಿಯವನ್ನು ಗಮನಿಸಿ. ಹಸುವಿನ ಕರುಳಿನಲ್ಲಿ ಅದು ಯಾವ ರೋಗಲಕ್ಷಣವನ್ನೂ ತೋರದೆ ಇರಬಲ್ಲದು. ಕಣ್ಣಿಗೆ ಕಾಣದಷ್ಟು ಸಗಣಿ ಕೆಚ್ಚಲಿನಿಂದ ಹಾಲಿಗೆ ಸೇರಿದರೆ ಸಾಕು. ಚಿಕ್ಕ ಮಕ್ಕಳಲ್ಲಿ ಅದರ ವಿಷ ಮೂತ್ರಪಿಂಡವನ್ನೇ ಕೆಡಿಸಬಹುದು. ಇಂದಿನ ಹಾಲಿನ ಮಾದರಿ ಪರೀಕ್ಷೆಯಲ್ಲಿ ಗೆದ್ದರೂ ನಾಳೆಯ ಹಾಲಿಗೆ ಅದು ಖಾತರಿಯಲ್ಲ. ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟರೆ ಇಂಥ ಬ್ಯಾಕ್ಟೀರಿಯಗಳು ಸಾಯುತ್ತವೆ. ಬಿಸಿಯ ಈ ಕೆಲಸ ಯಾರ ಮೇಲಿನ ನಂಬಿಕೆಯನ್ನೂ ಆಧರಿಸಿಲ್ಲ.

2024ರ ಮಾರ್ಚ್‌ನಲ್ಲಿ ಅಮೆರಿಕದ ಹಸುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಪತ್ತೆಯಾದಾಗ ಇದು ಮತ್ತೆ ಸಾಬೀತಾಯಿತು. ಸೋಂಕಿತ ಹಸುಗಳ ಹಸಿ ಹಾಲಿನಲ್ಲಿ ಜೀವಂತ ವೈರಸ್ ಇತ್ತು. ಅಂಥ ಹಾಲು ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ಅಂಗಡಿಯ ಪಾಶ್ಚರೀಕರಿಸಿದ ಹಾಲನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ವೈರಸ್ಸಿನ ಚೂರುಗಳು ಮಾತ್ರ.

ಇನ್ನು ಸತ್ವದ ಮಾತು. ಪಾಶ್ಚರೀಕರಣದಿಂದ ಸಿ ಜೀವಸತ್ವ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಹಾಲಿನಲ್ಲಿ ಅದು ಇರುವುದೇ ಅಲ್ಪ. ಕ್ಯಾಲ್ಸಿಯಂ ಹಾಗೆಯೇ ಉಳಿಯುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದವರಿಗೆ ಹಸಿ ಹಾಲು ಒಗ್ಗುತ್ತದೆ ಎಂಬ ಮಾತೂ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ 16 ವಯಸ್ಕರ ಮೇಲೆ ಪ್ರಯೋಗ ನಡೆಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಸಿ ಹಾಲಿನಿಂದ ಯಾವ ಅನುಕೂಲವೂ ಕಾಣಲಿಲ್ಲ. ಇದು ಸಣ್ಣ ಪ್ರಯೋಗ. ಆದರೂ ಬರಿಯ ಅನಿಸಿಕೆಗಿಂತ ಮೇಲು.

ಚಳವಳಿಯ ಗಟ್ಟಿ ಆಧಾರವೆಂದರೆ ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್‌ಗಳ ಹಳ್ಳಿಗಳ 8,334 ಶಾಲಾಮಕ್ಕಳನ್ನು ಕುರಿತ, 2011ರಲ್ಲಿ ಪ್ರಕಟವಾದ ಗೇಬ್ರಿಯೇಲಾ ಅಧ್ಯಯನ. ತೋಟದ ಹಸಿ ಹಾಲು ಕುಡಿಯುವ ಮಕ್ಕಳಲ್ಲಿ ಆಸ್ತಮಾ ಕಡಿಮೆ ಕಂಡಿತು. ಇದನ್ನು ಅಲ್ಲಗಳೆಯಬೇಕಿಲ್ಲ, ಪೂರ್ತಿ ಓದಬೇಕು. ನಂಟು ಕಂಡದ್ದು ಹಾಲು ಒಡೆದಾಗ ಉಳಿಯುವ ತಿಳಿನೀರಿನ ಕೆಲವು ಪ್ರೋಟೀನುಗಳೊಂದಿಗೆ. ಬ್ಯಾಕ್ಟೀರಿಯಗಳ ಒಟ್ಟು ಸಂಖ್ಯೆಗೂ ಆಸ್ತಮಾಕ್ಕೂ ನಂಟು ಕಾಣಲಿಲ್ಲ. ಹಾಗಾದರೆ ಆ ಪ್ರೋಟೀನುಗಳನ್ನು ಉಳಿಸಿ ರೋಗಾಣುಗಳನ್ನು ಕೊಲ್ಲುವ ವಿಧಾನ ಹುಡುಕುವುದು ವಿಜ್ಞಾನದ ಮುಂದಿನ ಕೆಲಸ. ಅಲ್ಲಿಯವರೆಗೆ ಮಕ್ಕಳಿಗೆ ಹಸಿ ಹಾಲು ಕುಡಿಸಲು ಈ ಅಧ್ಯಯನ ಪರವಾನಗಿಯಲ್ಲ.

ಉಳಿಯುವುದು ಸ್ವಾತಂತ್ರ್ಯದ ಪ್ರಶ್ನೆ. ವಯಸ್ಕನೊಬ್ಬ ತಿಳಿದೂ ತಿಳಿದೂ ಅಪಾಯವನ್ನು ಮೈಮೇಲೆ ಎಳೆದುಕೊಂಡರೆ ಅದು ಅವನ ಆಯ್ಕೆ ಎನ್ನಬಹುದು. ಮನೆಯಲ್ಲಿ ಹಾಲಿನ ಲೋಟ ಮೊದಲು ಹೋಗುವುದು ಮಗುವಿನ ಕೈಗೆ, ಅದಕ್ಕೆ ಆಯ್ಕೆಯಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಹಾಲು ಉಕ್ಕುವವರೆಗೆ ಒಲೆಯ ಮುಂದೆ ಕಾದು ನಿಲ್ಲುವ ರೂಢಿ ಇದೆ. ನೊರೆಹಾಲಿನ ಗುಣಗಾನ ಕೇಳಿ ಆ ರೂಢಿಯನ್ನು ಬಿಡಬೇಡಿ. ಹಾಲಿನವರನ್ನು ಶುಚಿಯಾದ ಕೊಟ್ಟಿಗೆ ಇದೆಯೇ ಎಂದು ಅವಶ್ಯ ಕೇಳಿ; ಹಾಲನ್ನು ಕಾಯಿಸಿಯೇ ಕುಡಿಯಿರಿ.